ಹಾಲಿಗೆ ಬಂದ ಕಚೇರಿ

ವಡಾಲದ ನಮ್ಮ ಮನೆಗಳಲ್ಲಿ ಹಾಲೆಂದರೆ ಹಗಲಿಗೆ ಪಡಸಾಲೆ, ರಾತ್ರಿಗೆ ಮಲಗುವ ಕೋಣೆ. ಅದು ಕಚೇರಿಯಾದುದು 2020ರಲ್ಲಿ ಎನ್ನುವವರಿದ್ದಾರೆ, ನಾವು ಒಪ್ಪೆವು. ಟ್ರಂಕಿನ ಮೇಲೆ ಜಮಾಖರ್ಚಿನ ಪುಸ್ತಕ ಹರಡಿ ಸಂಘದ ಲೆಕ್ಕ ಬರೆದ, ಮೂಲೆಯಲ್ಲಿ ಹೊಲಿಗೆಯಂತ್ರವಿಟ್ಟು ಸಂಸಾರ ತೂಗಿಸಿದ ಹಿರಿಯರನ್ನು ನಾವು ಕಂಡವರು.

ಈ ಬಡಾವಣೆಯ ಮೂಲವೂ ಒಂದು ಪಿಡುಗಿನಲ್ಲಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ-ಬೆಳಕಿಲ್ಲದ ಇಕ್ಕಟ್ಟಿನ ವಸತಿಯೇ ಅದಕ್ಕೆ ಕಾರಣವೆಂದು ಬಗೆದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ರಚಿಸಿದರು. (ಇಲಿಯ ಚಿಗಟದ ಪಾತ್ರ ಖಚಿತವಾದುದು ಆಮೇಲೆ.) ದಾದರ್, ಮಾಟುಂಗ, ವಡಾಲ, ಶೀವ್ ಕಡೆ ಅಗಲ ರಸ್ತೆ, ಕಟ್ಟಡಗಳ ನಡುವೆ ತೆರಪು ಇಟ್ಟು ಬಡಾವಣೆ ಮಾಡಲು ಹೊರಟಿದ್ದು ಆ ಟ್ರಸ್ಟೇ. ಮನೆಯೊಳಕ್ಕೆ ಗಾಳಿ ಬರಲೆಂಬುದೇ ಉದ್ದೇಶ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಮ್ಮ ಮಗನ ಮೇಜು ಆ ಗಾಳಿಯ ಕಿಟಕಿಯನ್ನೇ ಹಿಡಿಯಿತು. ಅಲ್ಲಿ ಕುಳಿತು ಬೀದಿ ನೋಡುತ್ತಿದ್ದ ಅಮ್ಮ ಅಡಿಗೆಮನೆಯ ಬಾಗಿಲಿಗೆ ಸರಿದರು. ಮೀಟಿಂಗ್ ನಡೆಯುವಾಗ ಕೆಮ್ಮಲೂ ಅವರಿಗೆ ಅಂಜಿಕೆ. ಇದು ಸರಿಯಲ್ಲವೆಂದು ನಮಗೆ ಹೊಳೆಯಲು ತಿಂಗಳೇ ಬೇಕಾಯಿತು. ಬೆಳಕು ಪಕ್ಕದಿಂದ ಬೀಳುವಂತೆ ಮೇಜನ್ನು ಗೋಡೆಗೆ ಒತ್ತಿದೆವು. ರಾತ್ರಿ ಎಂಟಕ್ಕೆ ಕಂಪ್ಯೂಟರು ಕಪಾಟು ಸೇರಬೇಕು. ಕಿಟಕಿ ಮಾತ್ರ ಅಮ್ಮನದು.