ಕಾರಿನ ಹೆಡ್‌ಲೈಟ್‌ಗೆ ‘ಸ್ಮೋಕ್’ ಲುಕ್: ಕಪ್ಪು ಮಾಡಿಸುವ ಮುನ್ನ ಇದನ್ನು ತಿಳಿದುಕೊಳ್ಳಿ

‘ಅಣ್ಣಾ, ಹೆಡ್‌ಲೈಟ್ ಸ್ವಲ್ಪ ಸ್ಮೋಕ್ ಮಾಡ್ಕೊಡಿ’ – ಕಾರು ಆಕ್ಸೆಸರೀಸ್ ಅಂಗಡಿಗಳಲ್ಲಿ ಈಗ ಇದು ಮಾಮೂಲಿ ಬೇಡಿಕೆ. ಬಿಳಿ ಕಾರಿಗೆ ಕಪ್ಪು ಛಾಯೆಯ ಲೈಟ್ ಇದ್ದರೆ ಲುಕ್ಕೇ ಬೇರೆ, ನಿಜ. ಆದರೆ ಕಪ್ಪು ಬಣ್ಣ ಲೈಟಿನ ಹೊರಗಿದೆಯೋ ಒಳಗಿದೆಯೋ ಎನ್ನುವುದು ಮುಖ್ಯ. ರಾತ್ರಿ ದಾರಿ ಎಷ್ಟು ದೂರ ಕಾಣುತ್ತೆ ಅನ್ನೋದು ಅದರ ಮೇಲೆ ನಿಂತಿದೆ.

ಮೂರು ವಿಧಾನ

ಫಿಲ್ಮ್: ಸೋಪು ನೀರು ಹಾಕಿ, ಹೀಟ್ ಗನ್‌ನಿಂದ ಬಿಸಿ ಮಾಡಿ ಲೆನ್ಸ್ ಮೇಲೆ ಅಂಟಿಸುತ್ತಾರೆ. ಬೇಡವೆಂದರೆ ತೆಗೆಯಬಹುದು. ಆದರೆ ಹಳೇ ಲೆನ್ಸ್ ಆದರೆ ಮೇಲಿನ ರಕ್ಷಣಾ ಪದರವೂ ಜೊತೆಗೇ ಕಿತ್ತು ಬರುವ ಅಪಾಯವಿದೆ.

ಸ್ಪ್ರೇ: ಖರ್ಚು ಕಡಿಮೆ, ತೊಂದರೆ ಜಾಸ್ತಿ. ಬಣ್ಣ ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ತೆಗೆಯಲು ಲೆನ್ಸನ್ನು ಉಜ್ಜಿ, ಪಾಲಿಶ್ ಮಾಡಿ, ಮತ್ತೆ ಕ್ಲಿಯರ್ ಕೋಟ್ ಹೊಡೆಯಬೇಕು.

ಒಳಗಿನ ಪೇಂಟ್: ಲೈಟ್ ಬಿಚ್ಚಿ, ಬಿಸಿ ಮಾಡಿ ಅಂಟು ಸಡಿಲಿಸಿ, ಬಲ್ಬಿನ ಸುತ್ತಲಿನ ಅಲಂಕಾರದ ಚೌಕಟ್ಟಿಗೆ ಮಾತ್ರ ಕಪ್ಪು ಹೊಡೆಯುತ್ತಾರೆ. ರಿಫ್ಲೆಕ್ಟರ್, ಪ್ರೊಜೆಕ್ಟರ್ ಮುಟ್ಟದಿದ್ದರೆ ಬೆಳಕು ಕುಂದುವುದಿಲ್ಲ. ಸೀಲ್ ಸರಿಯಾಗಿ ಹಾಕದಿದ್ದರೆ ಮಳೆಗಾಲದಲ್ಲಿ ಒಳಗೆ ನೀರಾಡುತ್ತದೆ. ಬಿಚ್ಚಿದ ಲೈಟಿಗೆ ವಾರಂಟಿ ಸಿಗುವುದೂ ಕಷ್ಟ.

ಬೆಳಕಿನ ಲೆಕ್ಕ

ಅರ್ಧ ಬೆಳಕು ಮಾತ್ರ ಹೊರಬಿಡುವ ಫಿಲ್ಮ್ ಹಾಕಿದರೆ, ಮೊದಲು 100 ಮೀಟರ್ ದೂರದಲ್ಲಿ ಬೀಳುತ್ತಿದ್ದಷ್ಟು ಬೆಳಕು ಈಗ ಸುಮಾರು 70 ಮೀಟರ್‌ಗೇ ಮುಗಿಯುತ್ತದೆ. ಶೇ 35ರ ಫಿಲ್ಮ್ ಆದರೆ ಸುಮಾರು 60 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು, ಒಣ ರಸ್ತೆಯಲ್ಲೂ ಬ್ರೇಕ್ ಒತ್ತಿ ನಿಲ್ಲಲು ಹೆಚ್ಚೂಕಡಿಮೆ 70 ಮೀಟರ್ ಬೇಕು. ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಸ್ತೆ ದಾಟುವ ದನ, ಹೊಲದಿಂದ ತಡವಾಗಿ ಮನೆಗೆ ನಡೆದು ಬರುವವರು – ಇವರೆಲ್ಲ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಸಾಲದೇ ಹೋಗಬಹುದು.

ಹಿಂದಿನ ಲೈಟ್ ಕಪ್ಪಾದರೆ ಇನ್ನೂ ಕಷ್ಟ. ಅದರಲ್ಲಿರುವ ಕೆಂಪು ರಿಫ್ಲೆಕ್ಟರ್‌ಗೆ ಬೇರೆ ವಾಹನದ ಬೆಳಕು ಬಡಿದು ವಾಪಸ್ ಹೋಗಬೇಕು, ಅಂದರೆ ಫಿಲ್ಮನ್ನು ಎರಡು ಸಲ ದಾಟಬೇಕು. ಅರ್ಧದ ಅರ್ಧ, ಕಾಲು ಭಾಗ ಮಾತ್ರ ಉಳಿಯುತ್ತದೆ. ಕೆಟ್ಟು ರಸ್ತೆ ಬದಿ ನಿಂತ ಕಾರಿಗೆ ಆಗ ಅದೊಂದೇ ಕಾವಲು.

ಕಡಿಮೆಯಾದ ಬೆಳಕನ್ನು ತುಂಬಲು ಪವರ್‌ಫುಲ್ ಎಲ್‌ಇಡಿ ಬಲ್ಬ್ ಹಾಕಿಸುವುದೂ ಪರಿಹಾರವಲ್ಲ. ಹ್ಯಾಲೊಜೆನ್‌ಗಾಗಿ ಮಾಡಿದ ರಿಫ್ಲೆಕ್ಟರ್‌ನಲ್ಲಿ ಅದರ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಇಂಥ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದ್ದರು.

ಕಾನೂನು ಏನು ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 105ನೇ ನಿಯಮದಂತೆ, ಮುಂದಿನ ಬಿಳಿ ಬೆಳಕು, ಹಿಂದಿನ ಕೆಂಪು ಬೆಳಕು ಎರಡೂ 155 ಮೀಟರ್ ದೂರಕ್ಕೆ ಕಾಣಬೇಕು. ನಿಯಮ ಒಪ್ಪದ ರೀತಿ ವಾಹನ ಮಾರ್ಪಡಿಸಿದರೆ, 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ ₹5,000 ದಂಡ, ಇಲ್ಲವೇ ಎರಡೂ ಆಗಬಹುದು. ‘ಶೇ 70, ಶೇ 50 ಇದ್ರೆ ನಡೆಯುತ್ತೆ’ ಎಂಬ ಮಾತು ಕಿಟಕಿ ಗಾಜಿನದು, ಲೈಟಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಕಪ್ಪು ಲುಕ್ ಬೇಕೇ ಬೇಕು ಎಂದರೆ ನಿಮ್ಮ ಮಾಡೆಲ್‌ಗೆ ಕಂಪನಿಯೇ ಒಳಗೆ ಕಪ್ಪು ಚೌಕಟ್ಟಿನ ಹೆಡ್‌ಲೈಟ್ ಕೊಡುತ್ತದೆಯೇ ವಿಚಾರಿಸಿ. ಹೊರಗಿನ ಲೆನ್ಸ್ ಸ್ವಚ್ಛವಾಗಿಯೇ ಇರಲಿ.

ಗಿರಾಕಿ ಹಠ ಹಿಡಿದರೆ ಅಂಗಡಿಯವರು ಒಂದು ಕೆಲಸ ಮಾಡಬಹುದು. ಸಂಜೆ ಕತ್ತಲಾದ ಮೇಲೆ ಒಂದು ಬದಿಯ ಲೈಟಿಗೆ ಮಾತ್ರ ಫಿಲ್ಮ್ ಹಿಡಿದು, ಶಟರ್‌ಗೆ ಮುಖ ಮಾಡಿ ಎರಡೂ ಲೈಟ್ ಹಾಕಿ ತೋರಿಸಿ. ಶಟರ್ ಮೇಲೆ ಎರಡು ಬದಿಯ ವ್ಯತ್ಯಾಸ ಕಣ್ಣಾರೆ ಕಂಡ ಮೇಲೆ ಮಾಡಿಸಬೇಕೋ ಬೇಡವೋ ಅವರೇ ಹೇಳಲಿ.