ಒಂಬತ್ತನೆಯ ಕಾಲಂ

ಉರ್ದುವಿನಲ್ಲಿ ಬರೆದ ಹೈದರಾಬಾದ್ ಸಂಸ್ಥಾನದ ಕಂದಾಯ ದಫ್ತರವನ್ನು ಬಲದಿಂದ ಎಡಕ್ಕೆ ಓದಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿಯ ಆಡಳಿತದಲ್ಲಿ ಪರ್ಷಿಯನ್ ಭಾಷೆಯ ಸ್ಥಾನಕ್ಕೆ ಉರ್ದು ಬಂತು. ಸೇತ್ವಾರ್, ವಸೂಲ್ ಬಾಕಿ, ಪಹಣಿ ಮುಂತಾದ ಹೆಸರುಗಳು ತೆಲಂಗಾಣದ ಭೂವ್ಯಾಜ್ಯಗಳಲ್ಲಿ ಇಂದಿಗೂ ಕೇಳಿಬರುತ್ತವೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ ಅದರ ಕನ್ನಡ ಭಾಗ ಮೈಸೂರಿಗೆ ಸೇರಿತು. ಉರ್ದು ದಫ್ತರವೊಂದನ್ನು ಕನ್ನಡಕ್ಕೋ ತೆಲುಗಿಗೋ ಇಳಿಸುವವನ ಕೈಯಲ್ಲಿ ಏನಾಗುತ್ತದೆಂದು ಗಮನಿಸಿ. ಪುಟದ ಬಲತುದಿಯಲ್ಲಿದ್ದ ಮೊದಲ ಕಾಲಂ ಎಡತುದಿಗೆ ಬರುತ್ತದೆ. ಇಡೀ ಕೋಷ್ಟಕ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಲ್ಲುತ್ತದೆ. ಆದರೂ ಒಂದು ಗುಂಟೆ ಭೂಮಿಯೂ ಆಚೀಚೆ ಆಗುವುದಿಲ್ಲ. ನಕಲು ಮಾಡುವವನು ಕಾಲಮ್ಮಿನ ತಲೆಬರಹವನ್ನು ನೋಡುತ್ತಾನೆಯೇ ಹೊರತು ಜಾಗವನ್ನಲ್ಲ.

ಈ ಸಂಗತಿಗೆ ಗಣಿತದ ರೂಪ ಕೊಟ್ಟವರು ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್. ಸಂಬಂಧಾತ್ಮಕ ದತ್ತಾಂಶ ಮಾದರಿಯನ್ನು ಮಂಡಿಸಿದ ಅವರ 1970ರ ಪ್ರಬಂಧವನ್ನು ಹೆಸರಿಸುವವರು ಬಹಳ, ಓದಿದವರು ಕಡಿಮೆ. ಅದರಲ್ಲಿ ಕಾಡ್ ಮೊದಲಿಗೆ ಕಾಲಂಗಳ ಅನುಕ್ರಮಕ್ಕೆ ಬೆಲೆಯಿರುವ ಕೋಷ್ಟಕವನ್ನೇ ವಿವರಿಸುತ್ತಾರೆ. ಅನಂತರ, ಸರಬರಾಜುದಾರ, ಬಿಡಿಭಾಗ, ಯೋಜನೆ, ಪ್ರಮಾಣ ಎಂಬ ವರಸೆಯನ್ನು ಬಳಕೆದಾರ ನೆನಪಿಟ್ಟುಕೊಳ್ಳುವ ಹೊರೆ ಏಕೆಂದು ಕೇಳಿ, ಅನುಕ್ರಮವಿಲ್ಲದ, ಹೆಸರಿನಿಂದಲೇ ಗುರುತಿಸುವ ಕಾಲಂಗಳನ್ನು ಸೂಚಿಸುತ್ತಾರೆ. ಕಾಲಂಗಳನ್ನು ಹೇಗೆ ಅದಲುಬದಲು ಮಾಡಿದರೂ ಕೋಷ್ಟಕ ಅದೇ ಎಂಬುದು ಅವರ ನಿಲುವು.

ಲೋಕ ಹಾಗೆ ನಡೆಯಲಿಲ್ಲ. 1974ರಲ್ಲಿ ಅದೇ ಪ್ರಯೋಗಾಲಯದ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದ ಸೀಕ್ವೆಲ್ ಭಾಷೆ ಮುಂದೆ ಎಸ್‌ಕ್ಯೂಎಲ್ ಆಯಿತು. ಅದರಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಕಾಲಂಗಳನ್ನೂ ಕೇಳಬಹುದು; ಕಾಲಂಗಳ ಹೆಸರು ಹೇಳದೆ ಸಾಲಾಗಿ ಬೆಲೆಗಳನ್ನು ತುಂಬಬಹುದು. ಈ ಸೋಮಾರಿ ಸೌಲಭ್ಯಗಳ ದಾರಿಯಲ್ಲಿ ಅನುಕ್ರಮ ಹಿಂಬಾಗಿಲಿನಿಂದ ಒಳಬಂತು. ಹತ್ತು ವರ್ಷ ಹಳೆಯ ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸಿದರೆ ಅದು ಸಾಮಾನ್ಯವಾಗಿ ಕೊನೆಯಲ್ಲಿ ಹೋಗಿ ಕೂರುತ್ತದೆ. ತಂದೆಯ ಹೆಸರು ಹೆಸರಿನ ಪಕ್ಕದಲ್ಲಿರಬೇಕೆಂದು ಮೇಲಧಿಕಾರಿ ಬಯಸಿದರೆ ಮೈಎಸ್‌ಕ್ಯೂಎಲ್ ಒಪ್ಪುತ್ತದೆ. ಇಂಥದ್ದರ ನಂತರ ಇಡು ಎಂದು ಅದಕ್ಕೆ ಹೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಅಂಥ ಆಜ್ಞೆಯೇ ಇಲ್ಲ. ಹೊಸ ಕೋಷ್ಟಕ ಕಟ್ಟಿ, ದತ್ತಾಂಶವನ್ನೆಲ್ಲ ಸುರಿದು, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರಿಡಬೇಕು. ಸೂಚಿಗಳು, ಇತರ ಕೋಷ್ಟಕಗಳೊಡನೆ ಇದ್ದ ನಂಟು, ಯಾರು ಏನನ್ನು ನೋಡಬಹುದೆಂಬ ಅನುಮತಿಗಳು, ಎಲ್ಲವನ್ನೂ ಮರಳಿ ಕಟ್ಟಬೇಕು. ಕಣ್ಣಿಗೆ ಹಿತವಾಗಲೆಂದು ಇಷ್ಟು ಶ್ರಮವೇಕೆ? ಕೋಷ್ಟಕವನ್ನು ಮುಟ್ಟದೆ, ಅದರ ಮೇಲೊಂದು ನೋಟವನ್ನು ಬೇಕಾದ ವರಸೆಯಲ್ಲಿ ರಚಿಸಿಕೊಳ್ಳುವುದೇ ಜಾಣತನ.

ಸರ್ಕಾರಿ ನಮೂನೆಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಈ ಹಟ ಹೊಸದಲ್ಲ. ಕರ್ನಾಟಕದ ಪಹಣಿಯನ್ನೇ ತೆಗೆದುಕೊಳ್ಳಿ. ಒಂಬತ್ತನೆಯ ಕಾಲಂ ಎಂದರೆ ಭೂಮಾಲೀಕ. ಹನ್ನೊಂದು ಎಂದರೆ ಹಕ್ಕು ಮತ್ತು ಋಣ. ಬ್ಯಾಂಕಿನವರು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ. ಹನ್ನೆರಡರ ಎರಡನೆಯ ಉಪಕಾಲಂ ಎಂದರೆ ಸಾಗುವಳಿದಾರ. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ಮೇಲೆ ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರ ಅದೃಷ್ಟ ಅನೇಕ ಪ್ರಕರಣಗಳಲ್ಲಿ ತೂಗಿದ್ದು ಆ ಉಪಕಾಲಮ್ಮಿನಲ್ಲಿ ಯಾರ ಹೆಸರಿತ್ತು ಎಂಬುದರ ಮೇಲೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಗಣಕದೊಳಗಿನ ಕೋಷ್ಟಕಗಳನ್ನು ಹೇಗೆ ಬೇಕಾದರೂ ಜೋಡಿಸಬಹುದಿತ್ತು. ಆದರೆ ಮುದ್ರಿತ ಪಹಣಿಯಲ್ಲಿ ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಉಳಿಯಲೇಬೇಕಿತ್ತು, ನ್ಯಾಯಾಲಯದ ತೀರ್ಪುಗಳಲ್ಲಿ, ವಕೀಲರ ಬಾಯಲ್ಲಿ, ರೈತರ ನೆನಪಿನಲ್ಲಿ ಆ ಅಂಕೆ ಸ್ಥಾನವನ್ನು ಹೇಳುವುದನ್ನು ಬಿಟ್ಟು ಹೆಸರೇ ಆಗಿಬಿಟ್ಟಿತ್ತು. ಕಾಡ್ ಬಯಸಿದ್ದೂ ಹೆಸರನ್ನೇ, ನಮ್ಮ ಹಳ್ಳಿಗಳು ಅಂಕೆಯನ್ನೇ ಹೆಸರು ಮಾಡಿಕೊಂಡವು, ಅಷ್ಟೇ.

ಕಾಲಂ ಸರಿಯುವುದು ಒಂದು, ಕಾಲಂ ಇಲ್ಲವಾಗುವುದು ಬೇರೊಂದು. 2020ರ ಅಕ್ಟೋಬರ್ 29ರಂದು ತೆಲಂಗಾಣದಲ್ಲಿ ಆರಂಭವಾದ ಧರಣಿ ವ್ಯವಸ್ಥೆಯಲ್ಲಿ ಹಳೆಯ ಪಹಣಿಯ ಅನುಭವದಾರನ ಕಾಲಂ ಇರಲಿಲ್ಲ. ಪಟ್ಟಾದಾರನ ಹೆಸರಿತ್ತು, ಉಳುವವನ ಹೆಸರು ಬರೆಯಲು ಜಾಗವಿರಲಿಲ್ಲ. ಗೇಣಿಗೆ ಉಳುವವನು ಆ ಕೋಷ್ಟಕದ ಎಡತುದಿಯಿಂದ ಹುಡುಕಿದರೂ, ಬಲತುದಿಯಿಂದ ಹುಡುಕಿದರೂ ಸಿಗುತ್ತಿರಲಿಲ್ಲ.