ಕಾಣದ ಮೀಟರು: ಸೇಡಂ–ಶಹಾಬಾದ ಸೀಮೆಯ ವಿದ್ಯಾರ್ಥಿ ನಿಲಯಗಳಲ್ಲಿ ವಿದ್ಯುತ್ ಬಳಕೆಯ ಇತಿಹಾಸ

ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿ, ಭೀಮಾ ಮತ್ತು ಕಾಗಿಣಾ ನದಿಗಳ ಬಯಲಿನಿಂದ ತೆಲಂಗಾಣದ ಗಡಿಯವರೆಗೆ ಹರಡಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಸೀಮೆಯು ಸುಣ್ಣದ ಕಲ್ಲು, ತೊಗರಿ ಮತ್ತು ಬಿರುಬೇಸಿಗೆಗಳಿಗೆ ಹೆಸರಾದುದು. ನೆಲದೊಳಗಿನ ಸುಣ್ಣದ ಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ಇಲ್ಲಿಗೆ ಕರೆತಂದುದರಿಂದ ವಿದ್ಯುತ್ತನ್ನು ಅಪಾರ ಪ್ರಮಾಣದಲ್ಲಿ ಬಳಸುವ ಪ್ರದೇಶವಾಗಿಯೂ ಇದು ಬೆಳೆಯಿತು; ಅದೇ ಕಾಲದಲ್ಲಿ ಇಲ್ಲಿನ ಹಳ್ಳಿಗಳ ಮಕ್ಕಳು ಓದಿಗಾಗಿ ಮನೆ ಬಿಟ್ಟು ಮೊದಲು ಹೈದರಾಬಾದಿನಲ್ಲಿ, ಆಮೇಲೆ ಕಲಬುರಗಿಯಲ್ಲಿ, ಕೊನೆಗೆ ತಾಲ್ಲೂಕು ಕೇಂದ್ರಗಳಲ್ಲಿಯೇ ವಿದ್ಯಾರ್ಥಿ ನಿಲಯಗಳ ವಾಸಿಗಳಾದರು. ಈ ಎರಡು ಬೆಳವಣಿಗೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮಿತಬಳಕೆಯ ಅರಿವು ಬಳಕೆಯ ಲೆಕ್ಕ ಬಳಸುವವನ ಕಣ್ಣಿಗೆ ಬೀಳುವಲ್ಲಿ ಬೇರೂರಿದೆ, ಬೀಳದಲ್ಲಿ ಗೋಡೆಯ ಮೇಲಿನ ಸೂಚನಾಫಲಕವಾಗಿಯೇ ಉಳಿದಿದೆ.

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮ್ ಸಂಸ್ಥಾನದ ರೈಲುಮಾರ್ಗವು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದನ್ನು ಸೇರಿತು. ಫರಸಿ ಎಂದು ಜನ ಕರೆಯುವ ಶಹಾಬಾದಿ ಕಲ್ಲಿನ ಚಪ್ಪಡಿಗಳು ಈ ಹಳಿಗಳ ಮೇಲೆಯೇ ದೂರದ ಊರುಗಳಿಗೆ ಸಾಗಿದವು. 1920ರ ದಶಕದಲ್ಲಿ ಶಹಾಬಾದಿನಲ್ಲಿ ನೆಲೆಗೊಂಡ ಸಿಮೆಂಟ್ ಉದ್ಯಮವು, ಹಲವು ಕಂಪನಿಗಳು ಒಂದುಗೂಡಿ 1936ರಲ್ಲಿ ರೂಪುಗೊಂಡ ಎಸಿಸಿಯ ಭಾಗವಾಯಿತು. ಕಲ್ಲನ್ನು ಪುಡಿ ಮಾಡುವ, ಸುಟ್ಟ ಕಲ್ಲನ್ನು ಮತ್ತೆ ಅರೆಯುವ ಯಂತ್ರಗಳಿಗೆ ಎಡೆಬಿಡದ ಶಕ್ತಿ ಬೇಕಾದುದರಿಂದ ಈ ಸೀಮೆಯಲ್ಲಿ ವಿದ್ಯುತ್ತು ಮೊದಲು ಉದ್ಯಮದ ಕೈಯಾಳಾಗಿ ಬಂದಿತು. ಮನೆಯ ದೀಪವಾಗಿ ಅದು ಹಳ್ಳಿಗಳನ್ನು ತಲುಪಲು ಇನ್ನೂ ದಶಕಗಳೇ ಬೇಕಾದವು.

ಆ ದಶಕಗಳಲ್ಲಿ ಓದುವ ಮಕ್ಕಳ ಬೆಳಕೆಂದರೆ ಚಿಮಣಿ ಮತ್ತು ಕಂದೀಲು. ಚಿಮಣಿಯು ತಗಡಿನ ಅಥವಾ ಗಾಜಿನ ಸಣ್ಣ ಬುರುಡೆಯೊಳಗೆ ಬತ್ತಿ ಇಳಿಬಿಟ್ಟ ಸೀಮೆಎಣ್ಣೆಯ ದೀಪ. ಕಂದೀಲು ಗಾಜಿನ ಬುರುಡೆಯ ಮರೆಯಲ್ಲಿ ಉರಿಯುವ, ಬತ್ತಿಯನ್ನು ಏರಿಸಿ ಇಳಿಸಲು ಪಕ್ಕದಲ್ಲಿ ತಿರುಗುಕೀಲಿಯಿರುವ ಲಾಟೀನು. ಬತ್ತಿಯನ್ನು ಒಂದಿಷ್ಟು ಏರಿಸಿದರೆ ಗಾಜು ಮಸಿಗಟ್ಟುತ್ತಿತ್ತು, ಎಣ್ಣೆ ಬೇಗ ಇಳಿಯುತ್ತಿತ್ತು. ಬೆಳಿಗ್ಗೆ ಬುರುಡೆಯನ್ನು ಬೂದಿಯಿಂದ ತಿಕ್ಕುವವನಿಗೆ ಹಿಂದಿನ ರಾತ್ರಿಯ ಖರ್ಚು ಎಷ್ಟೆಂಬುದು ತಾನಾಗಿ ತಿಳಿಯುತ್ತಿತ್ತು. ಒಂದು ಕಂದೀಲಿನ ಸುತ್ತ ನಾಲ್ಕೈದು ಹುಡುಗರು ಕುಳಿತು ಓದುವ ರೂಢಿಗೆ ಬಡತನ ಕಾರಣವಾದರೂ, ಶಕ್ತಿಯನ್ನು ಹಂಚಿಕೊಂಡು ಬಳಸುವ ಶಿಸ್ತು ಅದರೊಳಗೇ ಅಡಗಿತ್ತು. ಈ ಸೀಮೆ ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಉನ್ನತ ಶಿಕ್ಷಣಕ್ಕೆ ಮುಖ್ಯ ನೆಲೆ ಹೈದರಾಬಾದು. 1918ರಲ್ಲಿ ಸ್ಥಾಪನೆಯಾದ, ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ರೈಲು ಹತ್ತಿ ಹೋಗಬಲ್ಲವರು ಉಳ್ಳವರ ಮನೆಯ ಕೆಲವರಷ್ಟೇ.

1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು, ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಆದರೆ ರಾಜ್ಯದ ವಿದ್ಯುತ್ತು ಬಹುಕಾಲ ಜಲಮೂಲದ್ದಾಗಿತ್ತು. ಶರಾವತಿಯಂಥ ಉತ್ಪಾದನಾ ಕೇಂದ್ರಗಳು ದೂರದ ಮಲೆನಾಡಿನಲ್ಲಿದ್ದವು. ತಂತಿ ಉದ್ದವಾದಷ್ಟೂ, ಹೊರೆ ಹೆಚ್ಚಿದಷ್ಟೂ ತುದಿಯಲ್ಲಿ ವೋಲ್ಟೇಜ್, ಅಂದರೆ ವಿದ್ಯುತ್ತನ್ನು ತಳ್ಳುವ ಒತ್ತಡ, ಇಳಿಯುತ್ತದೆ. ಇಳಿದಾಗ ಚೋಕ್ ಇರುವ ಟ್ಯೂಬ್‌ಲೈಟ್ ಮಿನುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದ ಮೇಲೆ ಉತ್ಪಾದನೆಯ ನೆಲೆ ಈ ಭಾಗಕ್ಕೆ ಹತ್ತಿರವಾಯಿತಾದರೂ, ಮಳೆ ಕೈಕೊಟ್ಟ ವರ್ಷಗಳಲ್ಲಿ ಕರೆಂಟು ಹೋಗುವುದು ನಿಲ್ಲಲಿಲ್ಲ.

ವಿದ್ಯಾರ್ಥಿ ನಿಲಯಗಳು ಹೆಚ್ಚಿದ್ದೂ ಇದೇ ಅವಧಿಯಲ್ಲಿ. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಕಲಬುರಗಿಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರವು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅದರ ಜ್ಞಾನಗಂಗಾ ಆವರಣದ ನಿಲಯಗಳು ಸೇಡಂ, ಚಿಂಚೋಳಿಗಳಂಥ ತಾಲ್ಲೂಕುಗಳ ಮೊದಲ ತಲೆಮಾರಿನ ಪದವೀಧರರಿಗೆ ಆಸರೆಯಾದವು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಿಂದೀಚೆಗೆ ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ನಿಲಯಗಳು ತಾಲ್ಲೂಕು ಕೇಂದ್ರಗಳಿಗೂ ಬಂದವು. ಈ ಕಟ್ಟಡಗಳಲ್ಲಿ ವಿದ್ಯುತ್ ಬಳಕೆಯ ಸ್ವರೂಪವನ್ನು ನಿರ್ಧರಿಸಿದ್ದು ಒಂದು ಆಡಳಿತಾತ್ಮಕ ಸಂಗತಿ: ಸಾಮಾನ್ಯವಾಗಿ ಇಡೀ ಕಟ್ಟಡಕ್ಕೆ ಒಂದೇ ಮೀಟರು, ಅದರ ಬಿಲ್ಲು ಇಲಾಖೆಗೋ ಸಂಸ್ಥೆಗೋ ಹೋಗುವುದು, ವಿದ್ಯಾರ್ಥಿಯ ಪಾಲು ವಾರ್ಷಿಕ ಶುಲ್ಕದಲ್ಲಿ ಕರಗಿಹೋಗುವುದು ಅಥವಾ ಅವನಿಗೆ ಪಾಲೇ ಇಲ್ಲದಿರುವುದು. ಕಂದೀಲಿನ ಎಣ್ಣೆ ಕಣ್ಣೆದುರಿಗೇ ಇಳಿಯುತ್ತಿತ್ತು. ಮೀಟರಿನ ಚಕ್ರ ವಾರ್ಡನ್ನರ ಕೋಣೆಯ ಹಿಂದೆ ಯಾರಿಗೂ ಕಾಣದೆ ತಿರುಗುತ್ತಿತ್ತು.

ಲೆಕ್ಕ ಕಾಣದಿದ್ದಾಗ ತಪ್ಪು ನಂಬಿಕೆಗಳು ಬೆಳೆಯುವುದು ಸಹಜ. ಫ್ಯಾನಿನ ವೇಗ ತಗ್ಗಿಸಿದರೆ ಕರೆಂಟು ಅದೇ ಪ್ರಮಾಣದಲ್ಲಿ ಉಳಿಯುತ್ತದೆಂಬುದು ಅಂಥದೊಂದು ನಂಬಿಕೆ. ಗೋಡೆಯ ಮೇಲಿನ ಹಳೆಯ ದಪ್ಪ ರೆಗ್ಯುಲೇಟರಿನೊಳಗೆ ಇದ್ದದ್ದು ಪ್ರತಿರೋಧದ ಸುರುಳಿ. ಅದು ಫ್ಯಾನಿಗೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಭಾಗವನ್ನು ತಾನೇ ಕಾದು ಸುಟ್ಟುಬಿಡುತ್ತಿದ್ದುದರಿಂದ ಉಳಿತಾಯ ಎಣಿಸಿದಷ್ಟು ಇರುತ್ತಿರಲಿಲ್ಲ. ಎಲೆಕ್ಟ್ರಾನಿಕ್ ರೆಗ್ಯುಲೇಟರು ಬಂದ ಮೇಲೆಯೇ ಆ ನಂಬಿಕೆ ನಿಜದ ಹತ್ತಿರಕ್ಕೆ ಬಂದುದು. ನೀರು ಕಾಯಿಸುವ ರಾಡಿನದು ಇದಕ್ಕೆ ವಿರುದ್ಧವಾದ ಕಥೆ: ಇಪ್ಪತ್ತು ನಿಮಿಷದ ಬಳಕೆಯೆಂದು ಅದನ್ನು ಲಘುವಾಗಿ ಎಣಿಸುವುದುಂಟು. ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ಬಳಸುವ ವಿದ್ಯುತ್ತಿಗೆ ಒಂದು ಯೂನಿಟ್ ಎಂದು ಹೆಸರು; 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು, ಅಷ್ಟರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 50 ಗಂಟೆಗೂ ಮೀರಿ ಉರಿಯಬಲ್ಲದು. ರಾಡು, ಕಾಯಿಲ್ ಒಲೆಗಳನ್ನು ನಿಲಯಗಳು ನಿಷೇಧಿಸುವುದು ಮುಖ್ಯವಾಗಿ ಬೆಂಕಿ ಮತ್ತು ಶಾಕ್‌ನ ಭಯದಿಂದ; ಹಾಗಾಗಿ ಅವುಗಳ ಖರ್ಚಿನ ಲೆಕ್ಕ ವಿದ್ಯಾರ್ಥಿಗಳ ಮುಂದೆ ಬರುವುದೇ ಅಪರೂಪ.

ಇದೇ ಸೀಮೆಯ ಕಾರ್ಖಾನೆಗಳಲ್ಲಿ ನಡೆದುದು ಬೇರೆ. ವಾಡಿಯ ಎಸಿಸಿ ಘಟಕ 1968ರಲ್ಲಿ, ಮಳಖೇಡದ ಬಳಿಯ ರಾಜಶ್ರೀ ಸಿಮೆಂಟ್ ಮತ್ತು ಸೇಡಮಿನ ವಾಸವದತ್ತಾ ಸಿಮೆಂಟ್ 1980ರ ದಶಕದಲ್ಲಿ ಆರಂಭವಾದವು. ಕೇಂದ್ರದ 2001ರ ಇಂಧನ ಸಂರಕ್ಷಣಾ ಕಾಯ್ದೆ ಮತ್ತು ಅದರಡಿ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋ ಸಿಮೆಂಟಿನಂಥ ಉದ್ಯಮಗಳ ದೊಡ್ಡ ಘಟಕಗಳನ್ನು ಲೆಕ್ಕ ಕೊಡಬೇಕಾದ ಬಳಕೆದಾರರೆಂದು ಗುರುತಿಸಿದವು. 2012ರಲ್ಲಿ ಆರಂಭವಾದ ‘ಪ್ಯಾಟ್’ ಯೋಜನೆಯು ಪ್ರತಿ ಟನ್ ಉತ್ಪಾದನೆಗೆ ಬಳಸುವ ಶಕ್ತಿಗೆ ಗುರಿಯನ್ನು ನಿಗದಿ ಮಾಡಿ, ಗುರಿ ಮೀರಿ ಉಳಿಸಿದವರಿಗೆ ಮಾರಬಹುದಾದ ಪ್ರಮಾಣಪತ್ರಗಳನ್ನು ನೀಡಿತು. ಪ್ರತಿ ಯೂನಿಟ್ಟಿನ ಲೆಕ್ಕ ಇಡಬೇಕಾದ ಕಾರ್ಖಾನೆಯೂ ಯಾವ ಲೆಕ್ಕವನ್ನೂ ಕಾಣದ ವಿದ್ಯಾರ್ಥಿ ನಿಲಯವೂ ಹೀಗೆ ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕದಲ್ಲಿ ಉಳಿದವು.

ನಿಲಯಗಳಿಗೆ ಸಂಬಂಧಿಸಿದ ಕ್ರಮಗಳು ಇಲ್ಲದಿರಲಿಲ್ಲ. 1991ರಿಂದ ಡಿಸೆಂಬರ್ 14ನ್ನು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತಿದ್ದು, ಪ್ರಬಂಧ ಮತ್ತು ಚಿತ್ರಕಲಾ ಸ್ಪರ್ಧೆಗಳ ಮೂಲಕ ಅರಿವು ಶಾಲೆಗಳನ್ನು ಮುಟ್ಟಿತು. 2007ರಲ್ಲಿ ರಾಜ್ಯ ಸರ್ಕಾರವು ಸೌರ ಜಲತಾಪಕ ಮತ್ತು ಸಿಎಫ್‌ಎಲ್ ಬಲ್ಬುಗಳ ಬಳಕೆಯನ್ನು ಹಲವು ಬಗೆಯ ಕಟ್ಟಡಗಳಿಗೆ ಕಡ್ಡಾಯಗೊಳಿಸಿತು. 2015ರ ಕೊನೆಗೆ ಆರಂಭವಾದ ರಾಜ್ಯದ ‘ಹೊಸ ಬೆಳಕು’ ಯೋಜನೆ ಎಲ್‌ಇಡಿ ಬಲ್ಬನ್ನು ಅಗ್ಗಗೊಳಿಸಿತು. 60 ವ್ಯಾಟಿನ ಬಲ್ಬಿನ ಜಾಗಕ್ಕೆ 9 ವ್ಯಾಟಿನದು ಬಂದರೆ ದಿನಕ್ಕೆ ಐದು ಗಂಟೆಯ ಬಳಕೆಯಲ್ಲಿ ತಿಂಗಳಿಗೆ ಸುಮಾರು ಏಳೂವರೆ ಯೂನಿಟ್ ಉಳಿಯುತ್ತದೆ. ಇದು ಬಳಸುವವನ ಅಭ್ಯಾಸವನ್ನು ನೆಚ್ಚಿಕೊಳ್ಳದ ಉಳಿತಾಯವಾದುದರಿಂದಲೇ ಫಲ ಕೊಟ್ಟಿತು.

ಬೆಳಕಿನ ಪ್ರಶ್ನೆ ಹೀಗೆ ಬಹುಮಟ್ಟಿಗೆ ಬಗೆಹರಿದ ಮೇಲೆ ಉಳಿದಿರುವುದು ಗಾಳಿಯ ಪ್ರಶ್ನೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸಬೇಕಾಗುವ ಈ ಸೀಮೆಯಲ್ಲಿ ಫ್ಯಾನು ಹಗಲಿರುಳೂ ತಿರುಗುತ್ತದೆ. 75 ವ್ಯಾಟಿನ ಫ್ಯಾನು 14 ಗಂಟೆಯಲ್ಲಿ ಒಂದು ಯೂನಿಟ್ ಮೀರಿ ಬಳಸಿದರೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ 30 ವ್ಯಾಟಿನ ಫ್ಯಾನು ಅದರ ಅರ್ಧಕ್ಕೂ ಕಡಿಮೆ ಬಳಸುತ್ತದೆ. ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಮೇಲ್ಛಾವಣಿಯು ಬಿಸಿಲನ್ನು ಒಳಗೆ ಬಿಡಲು ತಡಮಾಡುತ್ತಿತ್ತು. ನಿಲಯಗಳ ತೆಳು ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು, ವಿದ್ಯಾರ್ಥಿಗಳು ಓದುವ ಮತ್ತು ಮಲಗುವ ಹೊತ್ತಿಗೆ ಶಾಖವನ್ನು ಕೆಳಗಿಳಿಸುತ್ತದೆ. ಛಾವಣಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗಿ ಮೇಲಂತಸ್ತಿನ ಕೋಣೆ ತಂಪಾಗುತ್ತದೆಂಬುದು ಪರೀಕ್ಷಿತ ಸತ್ಯ. ಸುಣ್ಣದ ಕಲ್ಲಿನ ಮೇಲೆಯೇ ನಿಂತಿರುವ ಊರುಗಳಿಗೆ ಅದು ದುಬಾರಿಯ ಉಪಾಯವಲ್ಲ.

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿಯೇ ವಿಧ್ಯುಕ್ತವಾಗಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟುಗಳವರೆಗೆ ಗೃಹಬಳಕೆಯನ್ನು ಉಚಿತಗೊಳಿಸಿತಾದರೂ, ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿದ ಮಿತಿಯೊಂದನ್ನು ಆರಂಭದಲ್ಲಿ ಪ್ರತಿ ಮನೆಗೂ ಹಾಕಿತು. ಆದ್ದರಿಂದ ಹಣ ಕಟ್ಟದ ಮನೆಯೂ ಈ ಭಾಗದ ವಿದ್ಯುತ್ ವಿತರಣಾ ಕಂಪನಿಯಾದ ಜೆಸ್ಕಾಂನ ಬಿಲ್ಲಿನ ಅಂಕಿಯನ್ನು ಓದುತ್ತದೆ. ವಿದ್ಯಾರ್ಥಿ ನಿಲಯಕ್ಕೆ ಬೇಕಾದುದೂ ಅಂಥ ಓದುವ ಅಂಕಿಯೇ. ಪ್ರತಿ ಅಂತಸ್ತಿಗೆ ಒಂದು ಉಪಮೀಟರನ್ನು ಊಟದ ಕೋಣೆಯ ಹಾದಿಯಲ್ಲಿ ಎಲ್ಲರಿಗೂ ಕಾಣುವಂತೆ ಅಳವಡಿಸಿ, ಮಾರ್ಚ್ ಬರುವ ಮುನ್ನ ಛಾವಣಿಗೆ ಸುಣ್ಣ ಬಳಿದು, ಕೆಟ್ಟ ಫ್ಯಾನಿನ ಜಾಗಕ್ಕೆ ಕಡಿಮೆ ವ್ಯಾಟಿನದನ್ನೇ ತರುವ ನಿಯಮವನ್ನು ನಿಲಯಗಳ ಆಡಳಿತವು ಮಾಡಿಕೊಳ್ಳಬೇಕು. ಅದಾದ ಮೇಲೆಯೇ ‘ವಿದ್ಯುತ್ ಉಳಿಸಿ’ ಎಂದು ವಿದ್ಯಾರ್ಥಿಗಳಿಗೆ ಹೇಳುವ ಅಧಿಕಾರ ಅದಕ್ಕೆ ಬರುತ್ತದೆ.